ಒಂದೇ ಹೆಸರಿನ ಎರಡು ಪೆಟ್ಟಿಗೆ

ಹುಡುಗಿಯ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯದನ್ನು ಎರಡು ಸುತ್ತು ಹೆಣೆದಿದ್ದೆ ಅಷ್ಟೇ, ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ಹೊಡೆದುಕೊಳ್ಳತೊಡಗಿತು. ರಿಬ್ಬನ್ನು ನನ್ನ ಹಲ್ಲಿನ ನಡುವೆ ಇತ್ತು. ಒಂದು ಕೈಯಲ್ಲಿ ಜಡೆ ಹಿಡಿದುಕೊಂಡೇ ಇನ್ನೊಂದು ಕೈ ಚಾಚಿದೆ. ಹುಡುಗಿಯ ತಲೆಯೂ ನನ್ನ ಜೊತೆ ಅಷ್ಟು ದೂರ ವಾಲಿತು.

"ಮೇಡಂ, ಹೊಸ ಆಸ್ಪತ್ರೆ ಕೌಂಟರ್ ಸತ್ತು ಕೂತಿದೆ," ಎಂದ ಕತ್ತರಿ.

ಕತ್ತರಿ ನನ್ನ ಜೊತೆ ಕೆಲಸ ಮಾಡುವವನು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಯಾವ ತೊಡಕು ಬಂದರೂ "ಕತ್ತರಿಸಿ ಬಿಸಾಕಿ, ಹೊಸದು ಮಾಡೋಣ" ಎನ್ನುವುದು ಅವನ ಮಾತು. ಹಾಗಾಗಿ ಕಚೇರಿಯಲ್ಲಿ ಈ ಹೆಸರೇ ಅಂಟಿಕೊಂಡಿತು. ನಾವಿಬ್ಬರೂ ಒಂದು ಕಣ್ಣಾಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುತ್ತೇವೆ. ಈಚೆಗೆ ನಮ್ಮ ಆಸ್ಪತ್ರೆ ಇನ್ನೊಂದು ಕಣ್ಣಾಸ್ಪತ್ರೆಯನ್ನು ಕೊಂಡುಕೊಂಡಿತು. ಅಂದಿನಿಂದ ನಮ್ಮದು ಹಳೆಯದು, ಅದು ಹೊಸದು. ನಿಜಕ್ಕೂ ಕಟ್ಟಡದ ವಯಸ್ಸು ನೋಡಿದರೆ ಅದೇ ಹಿರಿಯದು.

"ಏನಾಯ್ತು?" ಎಂದೆ, ರಿಬ್ಬನ್ನು ತೆಗೆದು.

"ಬೆಳಿಗ್ಗೆ ಕರೆಂಟ್ ಹೋಗಿ ಬಂದಾಗ ನೆಲಮಹಡಿ-ಒಂದು ಪೆಟ್ಟಿಗೆ ಸುಟ್ಟು ಹೋಯ್ತು. ನಾನು ಇಲ್ಲೇ ಬಂದು ಬದಲಿ ಪೆಟ್ಟಿಗೆ ಕೂರಿಸ್ದೆ. ನಮ್ಮ ಬ್ಯಾಕಪ್‌ನಿಂದ ಸೆಟ್ಟಿಂಗ್ ತೆಗೆದು ತುಂಬಿದೆ. ಆದ್ರೂ ಒಂದು ಕಂಪ್ಯೂಟರೂ ತುಟಿ ಬಿಚ್ತಿಲ್ಲ. ಕಣ್ಣಿಗೆ ಔಷಧಿ ಹಾಕಿಸ್ಕೊಂಡೋರೆಲ್ಲ ಸಾಲಾಗಿ ಕೂತಿದ್ದಾರೆ. ಪುಣ್ಯಕ್ಕೆ ಅವರಿಗೆ ನನ್ನ ಮುಖ ಸರಿಯಾಗಿ ಕಾಣ್ತಿಲ್ಲ."

ಜಡೆಯನ್ನು ಹುಡುಗಿಯ ಕೈಗೆ ಕೊಟ್ಟೆ. "ಬಿಚ್ಚದ ಹಾಗೆ ಹಿಡ್ಕೊಂಡಿರು, ಬಂದೆ," ಎಂದೆ. ಅವಳು ತಲೆಯಾಡಿಸಿದಳು.

ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಅಳಿಲು ಎನ್ನುತ್ತಾರೆ. ಅದು ಅವಳನ್ನು ಹೆತ್ತವಳು ಇಟ್ಟದ್ದು. ಅವಳಿಗೆ ಈಗ ಒಂಬತ್ತು ವರ್ಷ. ಹೆತ್ತವಳು ಕಾಯಿಲೆಯಿಂದ ತೀರಿಕೊಂಡಾಗ ನಾಲ್ಕು. ನಾನು ಈ ಮನೆಗೆ ಬಂದು ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ಅವಳು ನನ್ನನ್ನು ಏನೆಂದೂ ಕರೆದಿಲ್ಲ. ಅಮ್ಮ ಎಂದಿಲ್ಲ, ಚಿಕ್ಕಮ್ಮ ಎಂದಿಲ್ಲ, ಆಂಟಿ ಎಂದೂ ಇಲ್ಲ. ಹಾಗೆಂದು ಮಾತು ಬಿಟ್ಟವಳಲ್ಲ. "ಹಾಲು ಉಕ್ತಾ ಇದೆ" ಎಂದು ಒಲೆಗೆ ಹೇಳುತ್ತಾಳೆ. "ಜಡೆ ಹಾಕ್ಬೇಕು" ಎಂದು ಬಾಚಣಿಗೆಗೆ ಹೇಳಿ, ಅದನ್ನು ತಂದು ನನ್ನ ಮಂಡಿಯ ಮೇಲೆ ಇಡುತ್ತಾಳೆ. ನಾನು ಇನ್ನೊಂದು ಕೋಣೆಯಲ್ಲಿದ್ದರೆ ಕೂಗುವುದಿಲ್ಲ. ಬಂದು ಬಾಗಿಲ ಚೌಕಟ್ಟನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಾಳೆ.

ಅತ್ತೆಗೆ ಇದು ಸಹಿಸುವುದಿಲ್ಲ. "ಹೆಸರಿಲ್ದೆ ಕರೆಯೋಕೆ ಅವಳೇನು ಸರ್ಕಾರಿ ಬಸ್ಸಾ, ಕೈ ತೋರಿಸಿದ್ರೆ ನಿಲ್ಲೋಕೆ?" ಎಂದು ಮೊಮ್ಮಗಳನ್ನು ಚುಚ್ಚುತ್ತಾರೆ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಅವರ ಅಭಿಪ್ರಾಯ ಬೇರೆ. "ಮಧ್ಯದಲ್ಲಿ ಸಿಕ್ಕಿಕೊಂಡ ಲಿಫ್ಟ್‌ನ ಒದ್ದರೆ ಮೇಲೆ ಬರಲ್ಲ," ಎನ್ನುತ್ತಾರೆ. ನಾನೂ ಒದೆಯಲಿಲ್ಲ.

ಆದರೆ ಆ ಶನಿವಾರ ಕಾಯುವುದಕ್ಕೆ ಒಂದು ಕೊನೆ ಇತ್ತು. ಅವಳ ತರಗತಿಯಲ್ಲಿ ಹನ್ನೊಂದು ಗಂಟೆಗೆ ಒಂದು ಕಾರ್ಯಕ್ರಮ. ಪ್ರತಿ ಮಗುವೂ ಮನೆಯ ಹಿರಿಯರೊಬ್ಬರನ್ನು ಕರೆತಂದು, ಎಲ್ಲರ ಮುಂದೆ ನಿಂತು, "ಇವರು ನನಗೆ ಏನಾಗಬೇಕು, ಏನು ಕೆಲಸ ಮಾಡುತ್ತಾರೆ" ಎಂದು ಹೇಳಬೇಕು. ಅಪ್ಪನನ್ನೋ ಅಜ್ಜಿಯನ್ನೋ ಕರೆದೊಯ್ಯಬಹುದಿತ್ತು. ಅವಳು ಹಿಂದಿನ ವಾರ ಬಂದು, ನಾನು ಮಡಿಸುತ್ತಿದ್ದ ಬಟ್ಟೆಯ ರಾಶಿಗೆ, "ಶನಿವಾರ ಶಾಲೆಗೆ ಬರ್ಬೇಕಂತೆ. ನೆಟ್‌ವರ್ಕ್ ಕೆಲಸ ಯಾರ ಮನೇಲೂ ಇಲ್ಲ" ಎಂದು ಹೇಳಿ ಹೋದಳು. ಕೆಲಸದ ಮಾತು ತಯಾರಾಗಿತ್ತು. 'ಏನಾಗಬೇಕು' ಎಂಬ ಜಾಗದಲ್ಲಿ ಏನು ಹೇಳುತ್ತಾಳೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ವಾರವಿಡೀ ಏನನ್ನೋ ಕೇಳಲು ಬಾಯಿ ತೆರೆಯುವುದು, ನೀರು ಕುಡಿದು ಹೋಗುವುದು ಮಾಡುತ್ತಿದ್ದಳು. ಅಳಿಲು ಕಾಳನ್ನು ದವಡೆಯಲ್ಲಿ ಇಟ್ಟುಕೊಳ್ಳುವ ಹಾಗೆ ಮಾತನ್ನು ಇಟ್ಟುಕೊಂಡಿದ್ದಳು.

ನನ್ನ ಮೇಜು ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಸಂದಿಯಲ್ಲಿದೆ. ಅಲ್ಲಿಂದ ಒಲೆ ಕಾಣುತ್ತದೆ, ಬಟ್ಟೆ ಒಗೆಯುವ ಯಂತ್ರದ ಸದ್ದು ಕೇಳುತ್ತದೆ. ಕಂಪ್ಯೂಟರ್ ತೆರೆದೆ. ಹುಡುಗಿ ಅರ್ಧ ಜಡೆಯನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಹಿಂದೆಯೇ ಬಂದು ನಿಂತಳು.

"ಬಾ ಇಲ್ಲಿ, ನಾನು ಹಾಕ್ತೀನಿ ಜಡೆ," ಎಂದರು ಅತ್ತೆ ಒಳಗಿನಿಂದ.

"ಬೇಡ ಅಜ್ಜಿ. ಹಿಡ್ಕೊಂಡಿರು ಅಂದಿದ್ದಾರೆ."

"ಯಾರು ಅಂದಿದ್ದು?"

ಹುಡುಗಿ ಜಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಅತ್ತೆ ನಕ್ಕದ್ದು ಕೇಳಿಸಿತು.

ಪೆಟ್ಟಿಗೆ ಎಂದು ನಾವು ಹೇಳುವುದು ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಸ್ವಿಚ್ಚಿಗೆ. ಯಾವ ತಂತಿ ಯಾವ ಕಂಪ್ಯೂಟರಿನದು, ಯಾರು ಯಾರ ಜೊತೆ ಮಾತಾಡಬಹುದು, ಯಾರು ಆಡಬಾರದು ಎಂಬುದೆಲ್ಲ ಅದರೊಳಗೆ ಸಾಲುಸಾಲಾಗಿ ಬರೆದಿರುತ್ತದೆ. ಪೆಟ್ಟಿಗೆ ಸುಟ್ಟರೆ ಆ ಬರಹವೂ ಸುಟ್ಟಂತೆ. ಅದಕ್ಕೇ ಪ್ರತಿ ರಾತ್ರಿ ಒಂದು ಪ್ರೋಗ್ರಾಂ ಎಲ್ಲ ಪೆಟ್ಟಿಗೆಗಳನ್ನೂ ಸುತ್ತಿ ಬಂದು, ಪ್ರತಿಯೊಂದರ ಬರಹವನ್ನೂ ನಕಲು ಮಾಡಿ, ಅದರದರ ಹೆಸರಿನ ಫೈಲಿನಲ್ಲಿ ಹಾಕಿಡುತ್ತದೆ. ಆ ಫೈಲುಗಳೆಲ್ಲ ಇರುವ ಉಗ್ರಾಣಕ್ಕೆ ನಾವು ರೆಪೊ ಎನ್ನುತ್ತೇವೆ. ಅದರ ಗುಣವೆಂದರೆ ಹಳೆಯದನ್ನು ಬಿಡುವುದಿಲ್ಲ. ಫೈಲಿನ ಮೇಲೆ ಹೊಸ ನಕಲು ಬಂದು ಕುಳಿತರೂ ಹಿಂದಿನ ನಕಲು ಕೆಳಗೆ ಹಾಗೆಯೇ ಇರುತ್ತದೆ. ಹೋದ ಸಾಲು ಕೆಂಪಗೆ, ಬಂದ ಸಾಲು ಹಸಿರಾಗಿ ಕಾಣುತ್ತದೆ. ಸಾಮಾನ್ಯವಾಗಿ ಒಂದು ದಿನದಲ್ಲಿ ಒಂದೋ ಎರಡೋ ಸಾಲು ಬದಲಾದರೆ ಹೆಚ್ಚು.

ನೆಲಮಹಡಿ-ಒಂದು ಎಂಬ ಫೈಲನ್ನು ತೆರೆದೆ. ತುದಿಯಿಂದ ಬುಡದವರೆಗೆ ಕೆಂಪು, ಅದರ ಕೆಳಗೆ ತುದಿಯಿಂದ ಬುಡದವರೆಗೆ ಹಸಿರು. ಹಿಂದಿನ ನಕಲು ನೋಡಿದೆ, ಅಲ್ಲೂ ಹಾಗೆಯೇ. ಅದರ ಹಿಂದಿನದೂ ಹಾಗೆಯೇ.

ಹುಡುಗಿ ನನ್ನ ಭುಜದ ಪಕ್ಕದಿಂದ ಇಣುಕಿ ನೋಡುತ್ತಿದ್ದಳು.

ಎಲ್ಲಕ್ಕಿಂತ ಮೇಲಿನ ನಕಲಿನ ನಡುವೆ ಒಂದು ಹಸಿರು ಸಾಲಿನಲ್ಲಿ 'ಕನ್ನಡಕದ ಅಂಗಡಿ' ಎಂದಿತ್ತು.

"ಕತ್ತರಿ, ನಿನ್ನ ಮುಂದೆ ಕನ್ನಡಕದ ಅಂಗಡಿ ಇದ್ಯಾ?"

"ಇಲ್ಲಿ ಎಲ್ಲಿದೆ ಮೇಡಂ? ಅದು ನಮ್ಮ ಹಳೇ ಆಸ್ಪತ್ರೇಲಿ ಅಲ್ವಾ."

"ಹಾಗಾದ್ರೆ ನೀನು ತುಂಬಿಸಿರೋದು ನಮ್ಮ ಹಳೇ ಆಸ್ಪತ್ರೆ ನೆಲಮಹಡಿ-ಒಂದರ ಬರಹ."

ಫೋನಿನಲ್ಲಿ, ಅವನ ಹಿಂದೆ ಯಾರೋ ಹಿರಿಯರು, "ಏನಪ್ಪಾ, ಇವತ್ತೇ ಆಗುತ್ತೋ, ನನ್ನ ಕಣ್ಣು ತಾನಾಗೇ ವಾಸಿಯಾದ್ಮೇಲೆ ಆಗುತ್ತೋ?" ಎಂದು ಕೇಳುತ್ತಿದ್ದರು.

ಆದದ್ದು ಇಷ್ಟು. ಎರಡು ಆಸ್ಪತ್ರೆಯವರೂ ತಮ್ಮ ತಮ್ಮ ಪೆಟ್ಟಿಗೆಗಳಿಗೆ ಮಹಡಿಯ ಲೆಕ್ಕದಲ್ಲೇ ಹೆಸರಿಟ್ಟಿದ್ದರು. ಅಲ್ಲೂ ಒಂದು ನೆಲಮಹಡಿ-ಒಂದು, ಇಲ್ಲೂ ಒಂದು. ಎರಡೂ ಸಂಸ್ಥೆ ಸೇರಿದಾಗ ಕತ್ತರಿ, ಎಲ್ಲವೂ ಒಂದೇ ಸೂರಿನಡಿ ಇರಲಿ ಎಂದು ಹೊಸ ಆಸ್ಪತ್ರೆಯ ಪೆಟ್ಟಿಗೆಗಳನ್ನೂ ರೆಪೊದಲ್ಲಿ ನಮ್ಮವು ಇದ್ದ ಫೋಲ್ಡರಿಗೇ ಸೇರಿಸಿದ. ಅಂದಿನಿಂದ ಪ್ರತಿ ರಾತ್ರಿ ಮೊದಲು ಒಂದು ಪೆಟ್ಟಿಗೆಯ ಬರಹ ಬಂದು ಆ ಫೈಲಿನಲ್ಲಿ ಕೂರುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೇ ಹೆಸರಿನ ಇನ್ನೊಂದು ಪೆಟ್ಟಿಗೆಯ ಬರಹ ಬಂದು ಅದರ ಮೇಲೆ ಕೂರುತ್ತಿತ್ತು. ಎರಡೂ ಸರಿಯಾದ ಬರಹಗಳೇ.

"ಇಷ್ಟು ದೊಡ್ಡ ಬದಲಾವಣೆ ದಿನಾ ಆಗ್ತಿದ್ರೆ ಎಚ್ಚರಿಕೆ ಮೇಲ್ ಬರ್ಬೇಕಿತ್ತಲ್ಲ?" ಎಂದೆ.

"ಬರ್ತಿತ್ತು ಮೇಡಂ. ದಿನಾ ಬೊಗಳೋ ನಾಯಿ ಅಂತ ಅದೊಂದರ ಬಾಯಿ ಕಟ್ಟಿಟ್ಟಿದ್ದೆ."

"ಒಳ್ಳೇ ಕೆಲಸ ಮಾಡ್ದೆ."

"ಬಯ್ಯೋದಾದ್ರೆ ಆಮೇಲೆ ಬಯ್ಯಿ. ಈಗ ಈ ಅಜ್ಜ ನನ್ನ ಕಾಲರ್ ಹಿಡಿಯೋ ಹತ್ರ ಬಂದಿದ್ದಾರೆ."

ಮೇಲಿದ್ದದ್ದು ಹಳೆ ಆಸ್ಪತ್ರೆಯದಾದರೆ, ಅದರ ಕೆಳಗಿನ ನಕಲು ಹೊಸದರದ್ದೇ ಆಗಿರಬೇಕು. ಅದನ್ನು ತೆರೆದು, ಕಂಪ್ಯೂಟರುಗಳ ನೆಟ್‌ವರ್ಕ್ ವಿಳಾಸಗಳನ್ನು ಒಂದೊಂದಾಗಿ ಓದಿ ನೋಡಿಕೊಂಡೆ. ಔಷಧಿ ಕೌಂಟರು, ನೋಂದಣಿ, ಪರೀಕ್ಷೆಯ ಕೋಣೆ, ಎಲ್ಲ ಹೊಂದಿತು. ಅವನಿಗೆ ಕಳಿಸಿದೆ. ಅಷ್ಟರಲ್ಲಿ ಕುಕ್ಕರು ಕೂಗಿತು. ಎದ್ದು ಉರಿ ಸಣ್ಣ ಮಾಡಿ ಬಂದೆ. ಬರುವಾಗ ಹುಡುಗಿ ನನ್ನ ಕುರ್ಚಿಯ ಅಂಚಿನಲ್ಲಿ ಕುಳಿತು ಪರದೆಯನ್ನು ನೋಡುತ್ತಿದ್ದಳು. ಜಡೆ ಇನ್ನೂ ಮುಷ್ಟಿಯಲ್ಲೇ ಇತ್ತು.

"ಕೆಂಪಾಗಿರೋದೆಲ್ಲ ಹೋಗ್ಬಿಟ್ಟಿದ್ಯಾ?" ಎಂದಳು ಪರದೆಗೆ.

"ಹೋಗಿಲ್ಲ," ಎಂದೆ. "ಮೇಲೆ ಕಾಣಲ್ಲ ಅಷ್ಟೇ. ಕೆಳಗಿದೆ. ಈಗ ತೆಗೆದು ಕೊಟ್ಟೆನಲ್ಲ, ಅದು ಕೆಂಪಾಗಿದ್ದಿದ್ದೇ."

ಅವಳು ಸ್ವಲ್ಪ ಸರಿದು ನನಗೆ ಜಾಗ ಬಿಟ್ಟಳು. ಇಬ್ಬರೂ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕುಳಿತೆವು.

"ಬಂತು ಮೇಡಂ, ಜೀವ ಬಂತು," ಎಂದ ಕತ್ತರಿ. ಹಿಂದೆ ಪ್ರಿಂಟರು ಕರಕರ ಎನ್ನುವುದು ಕೇಳುತ್ತಿತ್ತು. "ಅಜ್ಜ ನನ್ನ ಬೆನ್ನು ತಟ್ಟಿದ್ರು. ತಟ್ಟಿದ್ರೋ ಗುದ್ದಿದ್ರೋ ಗೊತ್ತಾಗ್ಲಿಲ್ಲ."

"ಸರಿ. ಈಗ ಇದನ್ನ ಬೇರೆ ಮಾಡ್ಬೇಕು. ಇಲ್ಲಾಂದ್ರೆ ಇವತ್ತು ರಾತ್ರಿ ಮತ್ತೆ ಒಂದರ ಮೇಲೊಂದು ಕೂರುತ್ತೆ."

"ಅದಕ್ಕೇನು? ಈ ರೆಪೊ ಅಳಿಸಿ ಬಿಸಾಕಿ, ಇವತ್ತಿಂದ ಎರಡು ಹೊಸದು ಶುರು ಮಾಡೋಣ. ಹಳೇ ಕಂತೆ ಯಾಕೆ?"

"ನೆಗಡಿ ಬಂತು ಅಂತ ಮೂಗು ಕೊಯ್ಕೋತೀಯಾ?"

"ಮತ್ತೆ, ಅಷ್ಟೂ ಕಲಸುಮೇಲೋಗರ ಆಗಿದೆ ಮೇಡಂ."

"ಈಗ ತಾನೆ ನಿನ್ನ ಮಾನ ಉಳಿಸಿದ್ದು ಆ ಹಳೇ ಕಂತೆನೇ. ಶಸ್ತ್ರಚಿಕಿತ್ಸೆ ಕೋಣೆ ನೆಟ್‌ವರ್ಕ್ ದಾರಿ ಯಾವಾಗ ಬದಲಾಯಿಸಿದ್ವಿ, ಯಾಕೆ ಬದಲಾಯಿಸಿದ್ವಿ ಅಂತ ನಾಳೆ ಯಾರಾದ್ರೂ ಕೇಳಿದ್ರೆ ಎಲ್ಲಿಂದ ತರ್ತೀಯಾ?"

"ಸರಿ, ಅಳಿಸೋದು ಬೇಡ. ಒಂದರ ಹೆಸರಾದ್ರೂ ಬದಲಾಯಿಸೋಣ. ಹೊಸ ಆಸ್ಪತ್ರೇದಕ್ಕೆ ಬೇರೇನಾದ್ರೂ ಇಡೋಣ. ಗಲಾಟೆಯೇ ಇರಲ್ಲ."

ನಾನು ಯೋಚಿಸಿದೆ. ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಆ ಹೆಸರಿದೆ. ತಂತಿಗಳ ತುದಿಯಲ್ಲಿದೆ. ಅಲ್ಲಿನ ನರ್ಸುಗಳು ಫೋನು ಮಾಡಿದರೆ "ನೆಲಮಹಡಿ-ಒಂದು ಕೈಕೊಟ್ಟಿದೆ" ಎಂದೇ ಹೇಳುತ್ತಾರೆ.

"ಬೇಡ," ಎಂದೆ. "ಹೆಸರು ತಪ್ಪಲ್ಲ. ಅಲ್ಲಿನೋರಿಗೆ ಅದು ನೆಲಮಹಡಿ-ಒಂದೇ, ಇಲ್ಲಿನೋರಿಗೆ ಇದು ನೆಲಮಹಡಿ-ಒಂದೇ. ಎರಡನ್ನೂ ಒಂದೇ ಜಾಗದಲ್ಲಿ ಕೂರಿಸಿದ್ವಲ್ಲ, ಅದು ತಪ್ಪು. ಆಸ್ಪತ್ರೆಗೊಂದು ಫೋಲ್ಡರ್ ಮಾಡೋಣ. ಅದರೊಳಗೆ ಅವರವರ ಪೆಟ್ಟಿಗೆ ಅವರವರ ಹೆಸರಲ್ಲೇ ಇರ್ಲಿ. ಹಳೇ ನಕಲುಗಳನ್ನ ವಿಳಾಸ ನೋಡಿ ಬೇರ್ಪಡಿಸಿ, ತಾರೀಖಿನ ಸಮೇತ ಆಯಾ ಫೋಲ್ಡರಿಗೆ ಕಳಿಸ್ತೀನಿ."

"ಆಯ್ತು ಮೇಡಂ. ಅಳಿಸೋ ಸುಖ ನನಗೆ ಯಾವತ್ತೂ ಕೊಡಲ್ಲ ನೀವು."

ಫೋನು ಇಟ್ಟೆ. ಮೊದಲು ಇಡೀ ರೆಪೊದ ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಟ್ಟೆ. ಏನು ಕೆಡಿಸಿದರೂ ಹಿಂದಿರುಗಲು ಒಂದು ದಾರಿ ಬೇಕು. ಆಮೇಲೆ ಬೇರ್ಪಡಿಸುವ ಪ್ರೋಗ್ರಾಂ ಬರೆದೆ. ದೊಡ್ಡದೇನಲ್ಲ. ಪ್ರತಿ ನಕಲನ್ನೂ ಎತ್ತಿ, ಒಳಗಿನ ವಿಳಾಸ ಓದಿ, ಈ ಕಡೆ ಇಲ್ಲವೆ ಆ ಕಡೆ ಹಾಕುವುದು. ಅಕ್ಕಿಯಿಂದ ಬೇಳೆ ಆರಿಸುವ ಹಾಗೆ. ಅದನ್ನು ಓಡಲು ಬಿಟ್ಟು, ಬಾಚಣಿಗೆ ತೆಗೆದುಕೊಂಡೆ.

ಹುಡುಗಿ ಜಡೆಯನ್ನು ನನ್ನ ಕೈಗೆ ಒಪ್ಪಿಸಿದಳು. ಮುಷ್ಟಿಯ ಬೆವರಿಗೆ ಕೂದಲು ಸ್ವಲ್ಪ ಒದ್ದೆಯಾಗಿತ್ತು. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಲ್ಲಿ ಎರಡು ಫೋಲ್ಡರುಗಳಲ್ಲಿ ಸಾಲುಗಳು ಒಂದೊಂದಾಗಿ ಬಂದು ಸೇರುತ್ತಿದ್ದವು.

"ಇದಕ್ಕೂ ಅದೇ ಹೆಸರು, ಅದಕ್ಕೂ ಅದೇ ಹೆಸರು," ಎಂದಳು.

"ಹೂಂ."

"ಕರೆದ್ರೆ ಯಾವುದು ಬರುತ್ತೆ?"

"ಯಾರು ಕರೀತಾರೆ, ಎಲ್ಲಿಂದ ಕರೀತಾರೆ ಅನ್ನೋದರ ಮೇಲೆ. ಅದಕ್ಕೆ ಗೊತ್ತಾಗುತ್ತೆ."

ಅಡುಗೆಮನೆಯಿಂದ ಅತ್ತೆ, ಪಾತ್ರೆ ಒರೆಸುತ್ತ, "ನನ್ನ ಕಾಲದಲ್ಲಿ ಒಂದೇ ಒರೇಲಿ ಎರಡು ಕತ್ತಿ ಇರಲ್ಲ ಅಂತಿದ್ರು. ಈ ಮನೆ ಅಡಿಗೆಮನೇಲಿ ಮಾತ್ರ ಇವಳೂ ನಾನೂ ಹೇಗೋ ಹಿಡಿಸ್ಬಿಟ್ವಿ," ಎಂದರು. ತಮಾಷೆಗೆ ಅಂದದ್ದು. ಆದರೆ ಮೊದಲ ಮಾತು ಕೇಳಿದಾಗಲೇ ಹುಡುಗಿಯ ಕತ್ತು ನನ್ನ ಬೆರಳುಗಳ ಕೆಳಗೆ ಬಿಗಿಯಾಯಿತು. ಜಡೆಯನ್ನು ಕೊನೆಯವರೆಗೆ ಹೆಣೆದು, ರಿಬ್ಬನ್ನು ಕಟ್ಟಿದೆ. ಎರಡೂ ಜಡೆ ಒಂದೇ ಉದ್ದ ಬಂದಿವೆಯೇ ಎಂದು ಹಿಡಿದು ನೋಡಿದೆ. ಬಲಗಡೆಯದು ಕೊಂಚ ದಪ್ಪವಿತ್ತು. ಇರಲಿ ಎಂದುಕೊಂಡೆ.

"ಅಲ್ವೇ ಅಳಿಲೂ," ಎಂದರು ಅತ್ತೆ, ಕೈ ಒರೆಸಿಕೊಂಡು ಬಾಗಿಲಿಗೆ ಬಂದು. "ಶಾಲೇಲಿ ಏನಂತ ಹೇಳ್ತೀಯಾ ಇವಳನ್ನ? ಅಪ್ಪನ ಹೆಂಡ್ತಿ ಅಂತೀಯಾ, ಅಜ್ಜಿ ಸೊಸೆ ಅಂತೀಯಾ?"

"ಅತ್ತೆ, ಬಿಡಿ," ಎಂದೆ.

"ನಾನೇನು ಹಿಡ್ಕೊಂಡಿದ್ದೀನಾ ಬಿಡೋಕೆ? ಕೇಳ್ದೆ ಅಷ್ಟೇ."

ಹುಡುಗಿ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದಳು. ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.

ಹೊರಡುವ ಮುನ್ನ ಅವಳು ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಅಲ್ಲಿ ಅವಳ ಅಮ್ಮನ ಪಟ ಇದೆ. ಕಪಾಟಿನಲ್ಲಿ ಅವರದೊಂದು ನೀಲಿ ಸ್ವೆಟರ್ ಇದೆ. ವರ್ಷಕ್ಕೊಮ್ಮೆ ನಾನೇ ಅದನ್ನು ಗಾಳಿಗೆ ಹಾಕಿ ಮಡಿಸಿ ಇಡುತ್ತೇನೆ. ಎಷ್ಟು ಹೊತ್ತು ಒಳಗಿದ್ದಳೋ ನಾನು ನೋಡಲಿಲ್ಲ. ಒಗೆದ ಬಟ್ಟೆ ಯಂತ್ರದಲ್ಲೇ ಉಳಿದರೆ ವಾಸನೆ ಬರುತ್ತದೆ ಎಂದು ಹರವಲು ಹೋದೆ. ಕೊನೆಯ ದಿಂಬಿನ ಚೀಲ ಹಾಕುವಾಗ ಚೌಕಟ್ಟಿನ ಮೇಲೆ ಎರಡು ಸಲ ತಟ್ಟಿದ ಸದ್ದಾಯಿತು.

"ಹೊತ್ತಾಯ್ತು," ಎಂದಳು.

ಮೇಜಿನ ಬಳಿ ಒಮ್ಮೆ ನಿಂತು ನೋಡಿದೆ. ಬೇರ್ಪಡಿಸುವ ಕೆಲಸ ಮುಗಿದಿತ್ತು. ಎರಡು ನೆಲಮಹಡಿ-ಒಂದುಗಳೂ ತಮ್ಮ ತಮ್ಮ ಫೋಲ್ಡರಿನಲ್ಲಿ, ತಮ್ಮ ತಮ್ಮ ಹಿಂದಿನ ದಿನಗಳ ಜೊತೆ ಇದ್ದವು. ಈಗ ಒಂದೊಂದರಲ್ಲೂ ಅಲ್ಲೊಂದು ಇಲ್ಲೊಂದು ಸಾಲು ಮಾತ್ರ ಕೆಂಪಗೋ ಹಸಿರಾಗೋ ಇತ್ತು. ಹುಡುಗಿಯೂ ನೋಡಿದಳು. ಬೆರಳಿನಿಂದ ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ಮುಟ್ಟಿದಳು. ಪರದೆಯ ಮೇಲೆ ಬೆರಳಿನ ಗುರುತು ಉಳಿಯಿತು. ಬೇರೆ ದಿನವಾಗಿದ್ದರೆ ಒರೆಸುತ್ತಿದ್ದೆ.

ಇಬ್ಬರೂ ಶಾಲೆಗೆ ನಡೆದೆವು. ರಸ್ತೆ ದಾಟುವಾಗ ಕೈ ಹಿಡಿದಳು, ದಾಟಿದ ಮೇಲೆ ಬಿಟ್ಟಳು.

ತರಗತಿಯಲ್ಲಿ ಮಕ್ಕಳ ಪುಟ್ಟ ಬೆಂಚುಗಳ ಮೇಲೆ ದೊಡ್ಡವರೆಲ್ಲ ಮಂಡಿ ಮಡಿಸಿ ಕುಳಿತಿದ್ದೆವು. ಒಬ್ಬಳು ತನ್ನ ಸೋದರಮಾವನನ್ನು ತಂದಿದ್ದಳು. ಅವರು ನಲ್ಲಿ ರಿಪೇರಿ ಮಾಡುವವರು, ದೊಡ್ಡ ಸ್ಪ್ಯಾನರ್ ಹಿಡಿದೇ ಬಂದಿದ್ದರು. "ಇವರು ನನ್ನ ಮಾವ. ಎಲ್ಲರ ಮನೆ ನಲ್ಲಿ ರಿಪೇರಿ ಮಾಡ್ತಾರೆ, ನಮ್ಮ ಮನೇದೊಂದು ಬಿಟ್ಟು," ಎಂದಳು. ಇಡೀ ತರಗತಿ ನಕ್ಕಿತು. ಮಾವ ತಲೆ ಕೆರೆದುಕೊಂಡರು. ಅವಳ ನಂತರ ಒಬ್ಬನ ಅಜ್ಜ ಬಂದರು, ಗಡಿಯಾರ ರಿಪೇರಿಯವರು. ಮೊಮ್ಮಗ ಹೇಳಬೇಕಾದದ್ದನ್ನೆಲ್ಲ ತಾವೇ ಹೇಳಿ, "ಇನ್ನೇನಾದ್ರೂ ಉಳೀತೇನೋ?" ಎಂದು ಅವನನ್ನೇ ಕೇಳಿದರು.

ಆಮೇಲೆ ಟೀಚರ್ ನಮ್ಮ ಕಡೆ ನೋಡಿ ಬನ್ನಿ ಎಂದು ಕೈ ಮಾಡಿದರು.

ಹುಡುಗಿ ಎದ್ದಳು. ನನ್ನ ಕೈ ಹಿಡಿದುಕೊಂಡು ಮುಂದಕ್ಕೆ ನಡೆದಳು. ಕಪ್ಪು ಹಲಗೆಯ ಮುಂದೆ ನಿಂತು ಎಲ್ಲರ ಕಡೆಗೆ ತಿರುಗಿದೆವು. ಅವಳ ಅಂಗೈ ಬೆಳಿಗ್ಗೆ ಜಡೆ ಹಿಡಿದುಕೊಂಡಿದ್ದಾಗಿನ ಹಾಗೆಯೇ ಬೆವರಿತ್ತು.

"ಇವರು," ಎಂದಳು.

ಅಲ್ಲಿಗೆ ನಿಲ್ಲಿಸಿದಳು. ಟೀಚರ್ ಕಾದರು. ಸ್ಪ್ಯಾನರಿನ ಮಾವ ಧೈರ್ಯ ಹೇಳುವಂತೆ ತಲೆಯಾಡಿಸಿದರು. ಮುಂದಿನ ಬೆಂಚಿನಿಂದ ಯಾರೋ, "ನಿಮ್ಮಮ್ಮ ತಾನೇ? ಹೇಳೇ," ಎಂದು ಪಿಸುಗುಟ್ಟಿದರು. ನಾನು ಅವಳ ಪರವಾಗಿ ಹೇಳಬಹುದಿತ್ತು. "ನಾನು ಇವಳ ಮನೆಯವಳು" ಎಂದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಅವಳ ದವಡೆ ಅಲುಗುತ್ತಿತ್ತು. ನಾನು ಸುಮ್ಮನೆ ನಿಂತೆ.

ಅವಳು ತರಗತಿಯ ಕಡೆಯಿಂದ ನನ್ನ ಕಡೆಗೆ ತಿರುಗಿದಳು. ಗೋಡೆಯನ್ನಲ್ಲ, ಹಲಗೆಯನ್ನಲ್ಲ, ನನ್ನ ಮುಖವನ್ನೇ ನೋಡಿದಳು. ಪಿಸುಮಾತಿನಲ್ಲಿ ಕೇಳಲಿಲ್ಲ, ಹಿಂದಿನ ಬೆಂಚಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು.

"ನಿನ್ನನ್ನೂ ಅಮ್ಮ ಅಂತ ಕರೆದ್ರೆ, ಅಮ್ಮ ಅಳಿಸಿ ಹೋಗಲ್ಲ ತಾನೇ?"